ಮಗಳ ಪರವಾಗಿ ಮಾತನಾಡುವುದನ್ನು ನಿಲ್ಲಿಸಿದ ಮೇಲೆ

ಎರಡು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರವಿರುವಾಗ, ಮಂಡ್ಯದ ಪೇಟೆಬೀದಿಯ ಒಂದು ಟೈಲರ್ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಆಗ ಹದಿನಾರು ತುಂಬಿ ಹದಿನೇಳು ನಡೆಯುತ್ತಿತ್ತು. ಅಳತೆ ತೆಗೆಯುತ್ತಿದ್ದ ಹೆಂಗಸು ಟೇಪನ್ನು ಅವಳ ಭುಜಕ್ಕೆ ಹಿಡಿದು, "ತೋಳು ಎಷ್ಟುದ್ದ ಇಡ್ಲಿ ಮಗಾ?" ಎಂದು ಅವಳನ್ನೇ ಕೇಳಿದರು. "ಮೊಣಕೈವರೆಗೆ ಸಾಕು" ಎಂದು ಹೇಳಿದವಳು ನಾನು. ಕತ್ತು ಎಷ್ಟು ಆಳ, ಜೇಬು ಬೇಕೋ ಬೇಡವೋ, ಲೈನಿಂಗ್ ಹಾಕಬೇಕೋ ಎಂಬ ಪ್ರಶ್ನೆಗಳಿಗೂ ನಾನೇ ಉತ್ತರಿಸಿ, ಮುಂಗಡ ಕೊಟ್ಟು, ಚೀಟಿ ತೆಗೆದುಕೊಂಡು ಹೊರಗೆ ಬಂದೆವು. ಹೊಲಿದು ಬಂದ ಚೂಡಿದಾರವನ್ನು ಅವಳು ಹಬ್ಬದ ದಿನ ತೊಡಲಿಲ್ಲ. ವಾರ ಕಳೆದ ಮೇಲೆ ಕೇಳಿದ್ದಕ್ಕೆ, "ನನಗೆ ಮುಕ್ಕಾಲು ತೋಳು ಬೇಕಿತ್ತು" ಎಂದಳು. ಹಾಗಿದ್ದರೆ ಅಲ್ಲೇ ಹೇಳಬಾರದಿತ್ತೇ ಎಂದು ನಾನು ರೇಗಿದಾಗ, ತಲೆ ಎತ್ತದೆ, "ನೀನು ಹೇಳಿಬಿಟ್ಟೆಯಲ್ಲಮ್ಮ" ಎಂದಳು.

ಅಂದಿನಿಂದ ಒಂದು ವಾರ, ಅವಳನ್ನು ಕೇಳಿದ ಪ್ರಶ್ನೆಗಳಿಗೆ ನಾನು ಎಷ್ಟು ಸಲ ಉತ್ತರ ಕೊಡುತ್ತೇನೆ ಎಂದು ಲೆಕ್ಕವಿಟ್ಟೆ. ಪಾಠ ಟಿಪ್ಪಣಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟು ಎಳೆಯುತ್ತಾ ಹೋದೆ. ಏಳು ದಿನಕ್ಕೆ ಇಪ್ಪತ್ತಮೂರು ಗೀಟುಗಳಾದವು. ಔಷಧಿ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಮನೆಗೆ ಬಂದ ಚಿಕ್ಕತ್ತೆಯ ಮುಂದೆ, ಕೊನೆಗೆ ದಂತವೈದ್ಯರು "ಯಾವ ಹಲ್ಲಮ್ಮ ನೋಯ್ತಿರೋದು?" ಎಂದು ಕೇಳಿದಾಗಲೂ ನಾನೇ ಬಾಯಿ ಹಾಕಿದ್ದೆ. ಹಲ್ಲು ಅವಳದು, ನೋವು ಅವಳದು, ಉತ್ತರ ಮಾತ್ರ ನನ್ನದು.

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಮಾತು ನನ್ನ ವೃತ್ತಿ. ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಮಕ್ಕಳ ಅಂಕಪಟ್ಟಿಯ ಷರಾ ಜಾಗದಲ್ಲಿ "ಎಲ್ಲರೊಡನೆ ಬೆರೆಯುವುದನ್ನು ಕಲಿಯಬೇಕು" ಎಂದು ಬರೆದು ಸಹಿ ಹಾಕಿದ್ದೇನೆ. ಅದನ್ನು ಓದಿದ ತಂದೆತಾಯಿಗಳು ಮನೆಗೆ ಹೋಗಿ ಏನು ಮಾಡಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಮನೆಯಲ್ಲೇ ಅಂಥ ಮಗು ಬೆಳೆಯುತ್ತಿದ್ದಾಗಲೂ ಬಹಳ ಕಾಲ ಯೋಚಿಸಲಿಲ್ಲ. ಅದಕ್ಕೆ ಒಂದು ಕಾರಣವಿತ್ತು. ನಮ್ಮ ಕಡೆ ಗಂಡು ಹುಡುಗ ಮನೆಯಲ್ಲೇ ಕುಳಿತರೆ "ಏನ್ಲಾ, ಮನೆ ಕಾಯೋಕ್ ಹುಟ್ಟಿದ್ದೀಯಾ?" ಎಂದು ಹತ್ತು ಜನ ಕೇಳುತ್ತಾರೆ. ಹೆಣ್ಣುಮಗಳು ಕುಳಿತರೆ "ತಲೆ ಎತ್ತಿ ಮಾತಾಡಲ್ಲ, ಚಿನ್ನದಂಥ ಮಗ" ಎಂದು ಹೊಗಳುತ್ತಾರೆ. ನಾಟಿ ಮುಗಿಸಿ ಬಂದವರಿಂದ ಹಿಡಿದು ಮದುವೆ ಛತ್ರದ ಹಿರಿಯರವರೆಗೆ ಎಲ್ಲರೂ ಈ ಹೊಗಳಿಕೆಯನ್ನು ನನ್ನ ಕೈಗೆ ಕೊಟ್ಟು ಹೋದರು, ನಾನೂ ಅದನ್ನು ಪುಣ್ಯವೆಂದೇ ಸೆರಗಿಗೆ ಕಟ್ಟಿಕೊಂಡೆ. ಹುಡುಗನ ಸಂಕೋಚಕ್ಕೆ ನಿಂದೆ ಸಿಗುತ್ತದೆ, ಹುಡುಗಿಯ ಸಂಕೋಚಕ್ಕೆ ಸನ್ಮಾನ ಸಿಗುತ್ತದೆ. ಎರಡರಲ್ಲೂ ಮಗುವಿಗೆ ಬೇಕಾದ ಸಹಾಯ ತಡವಾಗಿಯೇ ಬರುತ್ತದೆ. ನನ್ನ ಪತಿಯೂ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರನ್ನು ಮಾತ್ರ ಊರೆಲ್ಲ "ಗಂಭೀರ ಮನುಷ್ಯ" ಎನ್ನುತ್ತದೆ.

ಪಿಯುಸಿಗೆ ಸೇರಿದ ಮೇಲೆ ಪರಿಸ್ಥಿತಿ ಬದಲಾಯಿತು. ಮೊದಲ ವರ್ಷದ ರಸಾಯನಶಾಸ್ತ್ರ ಪ್ರಯೋಗದ ಪರೀಕ್ಷೆಯಲ್ಲಿ ಕೇಳಿದ ಮೌಖಿಕ ಪ್ರಶ್ನೆಗಳಿಗೆಲ್ಲ ಉತ್ತರ ಗೊತ್ತಿದ್ದೂ ಅವಳು ಬಾಯಿ ಬಿಡಲಿಲ್ಲ. ಆಗ ನಾನು ಗಾಬರಿಗೊಂಡು ಮಾಡಬಾರದ್ದನ್ನೆಲ್ಲ ಮಾಡಿದೆ. ಬೇಸಿಗೆ ರಜೆಯಲ್ಲಿ ವ್ಯಕ್ತಿತ್ವ ವಿಕಸನದ ಶಿಬಿರವೊಂದಕ್ಕೆ ಹಣ ಕಟ್ಟಿದೆ. ಮೊದಲ ದಿನವೇ ಎಂಬತ್ತು ಜನರ ಮುಂದೆ ಮೈಕು ಕೊಟ್ಟು ನಿಲ್ಲಿಸಿದರಂತೆ. ಮೂರನೆಯ ದಿನ ಜ್ವರ ಹಿಡಿದುಕೊಂಡು ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಮದ್ದೂರಿನ ಕಡೆಯ ನೆಂಟರ ಬೀಗರ ಔತಣಕ್ಕೆ ಬಲವಂತವಾಗಿ ಎಳೆದುಕೊಂಡು ಹೋದೆ. ಸಾವಿರ ಜನ ಪಂಕ್ತಿಗೆ ಕಾದು ನಿಂತ ಶಾಮಿಯಾನದಲ್ಲಿ ಅವಳು ಎರಡು ಗಂಟೆ ಕೈ ತೊಳೆಯುವ ಜಾಗದ ಹಿಂದೆ ನಿಂತಿದ್ದಳು. ಇದಕ್ಕಿಂತ ಕೆಟ್ಟದ್ದೆಂದರೆ, ಅವಳ ಎದುರಿನಲ್ಲೇ ಬಂದವರಿಗೆಲ್ಲ "ಇವಳಿಗೆ ಸ್ವಲ್ಪ ಸಂಕೋಚ ಜಾಸ್ತಿ" ಎಂದು ನಾನು ಪರಿಚಯ ಮಾಡಿಕೊಡುತ್ತಿದ್ದೆ. ಹೆಸರಿಗಿಂತ ಮೊದಲೇ ಆ ಮಾತು ಬರುತ್ತಿತ್ತು.

ಚೂಡಿದಾರದ ಘಟನೆ ನಡೆದದ್ದು ಇವೆಲ್ಲದರ ನಂತರ. ಗೀಟು ಎಳೆದ ಅದೇ ಹಾಳೆಯ ಹಿಂಬದಿಯಲ್ಲಿ ನಾನು ಒಂದು ತಿಂಗಳು ಬೇರೊಂದು ಪಟ್ಟಿ ಬರೆದೆ. ಅವಳು ಮನೆಯಲ್ಲಿ ಉಳಿದ ಪ್ರತಿ ಸಂದರ್ಭವನ್ನೂ ಎರಡು ಸಾಲುಗಳಲ್ಲಿ ಹಾಕಿದೆ. ಹೋಗಲು ಮನಸ್ಸಿಲ್ಲದೆ ಉಳಿದದ್ದು ಒಂದು ಕಡೆ, ಹೋಗಲು ಮನಸ್ಸಿದ್ದೂ ಆಗದೆ ಉಳಿದದ್ದು ಇನ್ನೊಂದು ಕಡೆ. ಗೊತ್ತಾಗುತ್ತಿದ್ದದ್ದು ಹೇಗೆಂದರೆ, ಮೊದಲನೆಯದಾದ ಮೇಲೆ ಅವಳು ಸಮಾಧಾನವಾಗಿ ಇರುತ್ತಿದ್ದಳು, ಎರಡನೆಯದಾದ ಮೇಲೆ ಸಂಜೆಯೆಲ್ಲ ಮುಖ ಬಾಡಿರುತ್ತಿತ್ತು. ಮದುವೆ, ನಾಮಕರಣ, ಗೆಳತಿಯರ ಸಿನಿಮಾ ಎಲ್ಲವೂ ಮೊದಲ ಸಾಲಿಗೆ ಬಂದವು. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೇಳುವುದು, ಅಂಕಪಟ್ಟಿಯಲ್ಲಿ ತಪ್ಪಾಗಿದ್ದ ತಂದೆಯ ಹೆಸರನ್ನು ಕಚೇರಿಯಲ್ಲಿ ತಿದ್ದಿಸುವುದು, ಒಬ್ಬಳೇ ಬಸ್ಸು ಹತ್ತುವುದು ಎರಡನೆಯ ಸಾಲಿಗೆ ಬಂದವು. ಅಂತರ್ಮುಖತೆ ಬೇರೆ, ಸಂಕೋಚ ಬೇರೆ ಎಂದು ತರಬೇತಿಯೊಂದರಲ್ಲಿ ಕೇಳಿದ್ದೆ. ಆದರೆ ಒಂದೇ ಮಗುವಿನಲ್ಲಿ ಎರಡೂ ಹೆಣೆದುಕೊಂಡಿರುವಾಗ ಎಳೆ ಬಿಡಿಸಲು ನನಗೆ ಈ ಪಟ್ಟಿ ಬೇಕಾಯಿತು.

ಮೊದಲ ಸಾಲನ್ನು ನಾನು ಕೈಬಿಟ್ಟೆ. ಅದನ್ನು ಸರಿಪಡಿಸುವ ಅಗತ್ಯವೇ ಇರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಸದ್ದು, ಹೊಸ ಆಟಿಕೆ, ಹೊಸ ವಾಸನೆಗಳನ್ನು ಒಡ್ಡಿ ನೋಡಿದಾಗ, ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತಂತೆ. ಹಾಗೆ ಅತ್ತವುಗಳು ಮುಂದೆ ಅಪರಿಚಿತರ ಎದುರು ಹಿಂಜರಿಯುವ ಮಕ್ಕಳಾಗುವ ಸಾಧ್ಯತೆ ಉಳಿದವುಗಳಿಗಿಂತ ಹೆಚ್ಚಾಗಿತ್ತು. ಇದನ್ನು ಓದಿದಾಗ ನನ್ನ ಅತ್ತೆಯವರು ಹೇಳುತ್ತಿದ್ದ ಮಾತು ನೆನಪಾಯಿತು: "ಇವಳು ಕೂಸಾಗಿದ್ದಾಗ ಕುಕ್ಕರ್ ಕೂಗಿದ್ರೆ ಸಾಕು, ಮನೆ ಹಾರಿಹೋಗೋ ಹಂಗೆ ಅಳೋಳು." ನಾವು ಸಾಕಿದ ರೀತಿಯಿಂದಲೇ ಹೀಗಾಯಿತೇನೋ ಎಂಬ ನನ್ನ ಅಳುಕು ಅಲ್ಲಿಗೆ ಅರ್ಧ ಇಳಿಯಿತು.

ಅವಳು ಮಾತೇ ಆಡುವುದಿಲ್ಲ ಎಂಬುದೂ ಸುಳ್ಳಾಗಿತ್ತು. ನನ್ನ ಮಾವನವರು ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಊರೊಂದರಲ್ಲಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯಾಗಿದ್ದವರು. ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಯಾವ ತೂಬಿನಿಂದ ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟುಪದ್ಧತಿಯಲ್ಲಿ ನೀರು ಬಿಟ್ಟಾಗ ಕೊನೆಯಂಚಿನವರಿಗೆ ತಲುಪಲು ಎಷ್ಟು ದಿನ ಎಂಬುದು ಅವರ ನಾಲಗೆಯ ತುದಿಯಲ್ಲಿದೆ. ಮಗಳು ಅವರ ಮಂಚದ ಪಕ್ಕ ಚಾಪೆ ಹಾಕಿಕೊಂಡು, ಅವರು ಹೇಳಿದಂತೆ ಆ ಊರಿನ ಕಾಲುವೆಗಳ ನಕ್ಷೆ ಬರೆಯುತ್ತಿದ್ದಳು. ಕ್ಯಾಲೆಂಡರಿನ ಹಿಂಬದಿಯ ಹಾಳೆಗಳನ್ನು ಅಂಟಿಸಿ ಮಾಡಿದ ದೊಡ್ಡ ನಕ್ಷೆ ಅದು. ಕನ್ನಂಬಾಡಿ ಕಟ್ಟೆ ತುಂಬಿ ನೀರು 124.80 ಅಡಿ ಮುಟ್ಟಿತೆಂಬ ಸುದ್ದಿ ಬಂದ ದಿನ ಇಬ್ಬರೂ ಊಟ ಮರೆತು ಎರಡು ಗಂಟೆ ಮಾತನಾಡಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದ್ದೇನೆ. ಕೇಳುವವರು ಒಬ್ಬರೇ ಇದ್ದು, ವಿಷಯ ಅವಳಿಗೆ ಬೇಕಾದದ್ದಾಗಿದ್ದರೆ ಅವಳ ಮಾತಿಗೆ ತಡೆ ಇರಲಿಲ್ಲ.

ಆದರೂ ಇದು ಸ್ವಭಾವವೋ ಕಾಯಿಲೆಯೋ ಎಂಬ ಶಂಕೆಯನ್ನು ನಾನೊಬ್ಬಳೇ ತೀರ್ಮಾನಿಸುವುದು ಸರಿಯಲ್ಲ ಎನಿಸಿ, ಒಂದು ರಾತ್ರಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಉಚಿತ ಸೇವೆ ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ ಪ್ರಶ್ನೆ, "ಬೇಜಾರಾಗಿರೋದು ಅವರಿಗಾ, ನಿಮಗಾ ಮೇಡಂ?" ಆಮೇಲೆ ಒಂದೊಂದಾಗಿ ಕೇಳಿದರು: ಮೊದಲು ಇಷ್ಟಪಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದಾಳೆಯೇ, ನಿದ್ರೆ ಮತ್ತು ಊಟದಲ್ಲಿ ಏರುಪೇರಾಗಿದೆಯೇ, ಸ್ನಾನ, ಬಟ್ಟೆಬರೆಯ ಕಡೆ ನಿರ್ಲಕ್ಷ್ಯ ಬಂದಿದೆಯೇ, ಬದುಕುವುದೇ ಬೇಡ ಎಂಬಂಥ ಮಾತು ಯಾವಾಗಲಾದರೂ ಬಂದಿದೆಯೇ. ಯಾವುದೂ ಇರಲಿಲ್ಲ. ಇದ್ದಿದ್ದರೆ, ಅದರಲ್ಲೂ ಕೊನೆಯದು ಇದ್ದಿದ್ದರೆ, ಮರುದಿನಕ್ಕೂ ಕಾಯದೆ ಮನೋವೈದ್ಯರ ಬಳಿಗೆ ಹೋಗಬೇಕಿತ್ತು. ಅಪರಿಚಿತರ ಎದುರಿನ ಭಯ ಆರು ತಿಂಗಳಿಗೂ ಮೀರಿ ಇದ್ದು ಓದಿಗೆ ಅಡ್ಡಿಯಾಗುತ್ತಿರುವುದರಿಂದ ಒಮ್ಮೆ ತಜ್ಞರನ್ನು ಕಾಣುವುದು ಒಳ್ಳೆಯದು ಎಂದು ಅವರು ಹೇಳಿದರು.

ಮೈಸೂರಿನಲ್ಲಿ ನಾವು ಕಂಡ ಮನಶ್ಶಾಸ್ತ್ರಜ್ಞೆ ಮಗಳೊಡನೆ ಮುಕ್ಕಾಲು ಗಂಟೆ, ನನ್ನೊಡನೆ ಅದಕ್ಕಿಂತ ಹೆಚ್ಚು ಮಾತನಾಡಿದರು. ಭಯವಾದ ಕಡೆಯಿಂದ ಮಗು ಹಿಂದೆ ಸರಿದಾಗಲೆಲ್ಲ ಅದಕ್ಕೆ ತಕ್ಷಣ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ "ಸರಿದದ್ದರಿಂದ ಬಚಾವಾದೆ" ಎಂಬ ಪಾಠವಾಗಿ ಉಳಿಯುತ್ತದೆ, ತಾಯಿ ಮಧ್ಯೆ ಬಂದು ಉತ್ತರ ಕೊಡುವುದೂ ಹಿಂದೆ ಸರಿಯುವುದಕ್ಕೆ ಹಾಸಿಕೊಟ್ಟ ದಾರಿಯೇ ಎಂದು ಅವರು ವಿವರಿಸಿದರು. ಯೇಲ್ ವಿಶ್ವವಿದ್ಯಾಲಯದ ಏಲಿ ಲೆಬೊವಿಟ್ಜ್ ಮತ್ತು ಸಹೋದ್ಯೋಗಿಗಳು ಆತಂಕವುಳ್ಳ 124 ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದರು. ಅದರಲ್ಲಿ ಒಂದು ಗುಂಪಿನ ಮಕ್ಕಳಿಗೆ ನೇರವಾಗಿ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿನ ತಂದೆತಾಯಿಗಳಿಗೆ ಮಾತ್ರ, ಮಕ್ಕಳ ಭಯಕ್ಕೆ ತಾವು ಮಾಡಿಕೊಡುತ್ತಿದ್ದ ಅನುಕೂಲಗಳನ್ನು ಮೆಲ್ಲಗೆ ಹಿಂತೆಗೆಯಲು 12 ವಾರ ತರಬೇತಿ ಕೊಟ್ಟರು. ಎರಡನೆಯದರ ಫಲ ಮೊದಲನೆಯದಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ. ಆ ಮಕ್ಕಳು 7ರಿಂದ 14 ವರ್ಷದವರು, ನನ್ನ ಮಗಳು ಅವರಿಗಿಂತ ದೊಡ್ಡವಳು. ಆದ್ದರಿಂದ ಅವಳಿಗೆ ಹೇಳದೆ ಏನನ್ನೂ ಮಾಡಬೇಡಿ ಎಂದು ಅವರು ಎಚ್ಚರಿಸಿದರು.

ಹಾಗಾಗಿ ಅವಳನ್ನು ಕೂರಿಸಿಕೊಂಡು ಹೇಳಿದೆ: ಇದು ನಿನಗೆ ಕಷ್ಟವೆಂದು ನನಗೆ ಗೊತ್ತು, ಕಷ್ಟವಾದರೂ ನಿನ್ನಿಂದ ಆಗುತ್ತದೆಂದೂ ಗೊತ್ತು, ಇನ್ನು ಮುಂದೆ ನಾನು ಮಧ್ಯೆ ಬಾಯಿ ಹಾಕಬಾರದ ಮೂರು ಜಾಗಗಳನ್ನು ನೀನೇ ಆರಿಸು. ಅವಳು ಎರಡು ದಿನ ತೆಗೆದುಕೊಂಡು ಬಸ್ಸಿನ ಕಂಡಕ್ಟರ್, ಟೈಲರ್, ಕಾಲೇಜಿನ ಕಚೇರಿ ಎಂದು ಬರೆದುಕೊಟ್ಟಳು. ಬಸ್ಸು ಮೊದಲಿಗೆ ಬಂದದ್ದಕ್ಕೆ ಕಾರಣ ಅವಳ ನಕ್ಷೆ. ಶ್ರೀರಂಗಪಟ್ಟಣದಲ್ಲಿ ನದಿಯ ಕವಲನ್ನು ಮೇಲ್ಗಾಲುವೆಯಲ್ಲಿ ದಾಟುವ ಅರಸರ ಕಾಲದ ಬಂಗಾರದೊಡ್ಡಿ ನಾಲೆಯನ್ನು ಅವಳು ಕಣ್ಣಾರೆ ನೋಡಬೇಕಾಗಿತ್ತು.

ಬಸ್ಸಿನಲ್ಲಿ ಮಾತನಾಡುವುದೇನಿದೆ ಎಂದು ನಿಮಗೆ ಅನಿಸಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಂಗಸರು ಚಿಲ್ಲರೆ ಎಣಿಸಬೇಕಾಗಿಲ್ಲ ನಿಜ, ಆದರೆ ಆಧಾರ್ ತೋರಿಸಿ ಊರಿನ ಹೆಸರನ್ನು ಬಾಯಿಬಿಟ್ಟು ಹೇಳದೆ ಶೂನ್ಯ ದರದ ಟಿಕೆಟ್ ಬರುವುದಿಲ್ಲ. ಅದಕ್ಕಿಂತ ಮೊದಲು, ಹೊಸ ಹೆದ್ದಾರಿಯಾದ ಮೇಲೆ ಕೆಲವು ಬಸ್ಸುಗಳು ಊರುಗಳನ್ನು ಬಿಟ್ಟು ನೇರ ಮೈಸೂರಿಗೆ ಹೋಗುವುದರಿಂದ, "ಪಟ್ಟಣದ ಒಳಗಡೆ ಹೋಗುತ್ತಾ, ಬೈಪಾಸಾ?" ಎಂದು ಬಾಗಿಲಲ್ಲೇ ಕೇಳಿಕೊಳ್ಳಬೇಕು. ಮೊದಲ ಭಾನುವಾರ ನಾನು ಅವಳ ಹಿಂದಿನ ಸೀಟಿನಲ್ಲಿ ಕುಳಿತೆ. ಕಂಡಕ್ಟರ್ ಅವಳ ಮುಂದೆ ನಿಂತು "ಎಲ್ಲಿಗಮ್ಮ?" ಎಂದರು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕೆಂದು ಮಾತಾಗಿತ್ತು. ಆರಕ್ಕೆ ಬರುವಷ್ಟರಲ್ಲಿ ಅವರು "ಬೇಗ ಹೇಳಮ್ಮ, ಹಿಂದೆ ಜನ ಅವ್ರೆ" ಎಂದರು, ಏಳಕ್ಕೆ ನನ್ನ ಬಾಯಿಂದ "ಶ್ರೀರಂಗಪಟ್ಟಣ, ಎರಡು" ಎಂದು ಬಂದೇಬಿಟ್ಟಿತು. ಇಳಿದ ಮೇಲೆ ನಾನು ಕ್ಷಮೆ ಕೇಳಿದೆ. ತಾಯಿ ಸೋತದ್ದನ್ನು ನೋಡಿ ಅವಳಿಗೆ ನಗು ಬಂತು.

ಎರಡನೆಯ ಭಾನುವಾರ ನಾನು ಬಾಯಿ ಮುಚ್ಚಿಕೊಂಡೆ, ಅವಳೂ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಮೂಗಿನಾ ಮಗ?" ಎಂದು ಕೇಳಿ, ತಾವೇ ಕಂಡಕ್ಟರಿಗೆ ಏನೋ ಹೇಳಿ ಟಿಕೆಟ್ ಕೊಡಿಸಿದರು; ಮನೆಗೆ ಬಂದು ಅವಳು ಅತ್ತಳು. ಅಂದು ಇದನ್ನೆಲ್ಲ ಬಿಟ್ಟುಬಿಡೋಣ ಎಂದು ನನಗೂ ಅನಿಸಿತ್ತು. ಮಾವನವರು ನಡುವೆ ಬಂದು, "ತೂಬನ್ನ ಒಂದೇ ಸಲಕ್ಕೆ ಎತ್ತಿದ್ರೆ ಕಾಲುವೆ ಏರಿ ಕಿತ್ಕೊಂಡ್ ಹೋಯ್ತದೆ ಕಣವ್ವ, ಅರ್ಧ ಗೇಣು ಎತ್ತಿ ನೋಡು" ಎಂದರು. ಅರ್ಧ ಗೇಣು ಎಂದರೆ ಏನು ಎಂದು ಮೂವರೂ ಕುಳಿತು ಯೋಚಿಸಿದೆವು. ಬೆಳಗ್ಗೆ ಏಳಕ್ಕೆ ಮುಂಚಿನ ಖಾಲಿ ಬಸ್ಸು, ಬಾಗಿಲ ಹತ್ತಿರದ ಸೀಟು, ಕೈಯಲ್ಲಿ ಮೊದಲೇ ತೆಗೆದಿಟ್ಟುಕೊಂಡ ಆಧಾರ್, ಹೇಳಬೇಕಾದದ್ದು ಒಂದೇ ಪದ. ಮೂರನೆಯ ಸಲ ಅವಳು ಆ ಒಂದು ಪದವನ್ನು ಹೇಳಿದಳು. ಅದು ನನಗೂ ಸರಿಯಾಗಿ ಕೇಳಿಸಲಿಲ್ಲ, ಆದರೆ ಕಂಡಕ್ಟರಿಗೆ ಕೇಳಿಸಿತು. ಅದೇ ಖಾಲಿ ಬಸ್ಸಿನಲ್ಲಿ ನಾಲ್ಕೈದು ಸಲ ಹೋದ ಮೇಲೆ ಹತ್ತು ಗಂಟೆಯ ಬಸ್ಸು, ಆಮೇಲೆ ನಾನು ಮುಂದಿನ ಬಾಗಿಲಲ್ಲಿ ಅವಳು ಹಿಂದಿನ ಬಾಗಿಲಲ್ಲಿ, ಕೊನೆಗೆ ಅವಳೊಬ್ಬಳೇ. ಇಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಹಂತವೂ ಬೇಸರ ಹುಟ್ಟುವಷ್ಟು ಸಲ ಆಗಬೇಕು, ಬೇಸರ ಬಂದರೆ ಭಯ ಹೋಗಿದೆ ಎಂದು ತಿಳಿಯಿರಿ ಎಂದು ಮನಶ್ಶಾಸ್ತ್ರಜ್ಞೆ ಹೇಳಿದ್ದು ಅಕ್ಷರಶಃ ನಿಜವಾಯಿತು.

ಟೈಲರ್ ಮತ್ತು ಕಚೇರಿಯ ವಿಷಯ ಇಷ್ಟು ಎಳೆಯಲಿಲ್ಲ. ಎರಡನೆಯ ಪಿಯುಸಿಯ ಪ್ರಯೋಗ ಪರೀಕ್ಷೆಗೆ 30 ಅಂಕವಿರುವುದರಿಂದ, ಅದಕ್ಕೆ ಮುಂಚೆ ಅವಳೇ ಒಂದು ಚೀಟಿ ಬರೆದು ಉಪನ್ಯಾಸಕರಿಗೆ ಕೊಟ್ಟಳು: "ಸರ್, ನನಗೆ ಉತ್ತರ ಹೇಳಲು ಅರ್ಧ ನಿಮಿಷ ಬೇಕಾಗುತ್ತದೆ, ದಯವಿಟ್ಟು ಮುಂದಿನವರಿಗೆ ಹೋಗಬೇಡಿ." ಅವರು ಅಭ್ಯಾಸದ ತರಗತಿಗಳಲ್ಲಿ ಕಾದರು. ಆ ಚೀಟಿಯ ಬುದ್ಧಿ ನನಗೆ ಹೊಳೆದಿರಲಿಲ್ಲ. ಬಹುಶಃ ನಾನಾಗಿದ್ದರೆ ಅವರಿಗೆ ಫೋನು ಮಾಡಿಬಿಡುತ್ತಿದ್ದೆ.

ಮನೆಯೊಳಗಿನ ಕಟ್ಟಳೆಗಳನ್ನೂ ಬದಲಾಯಿಸಿದೆವು. ಬಂದ ನೆಂಟರ ಎದುರು ಬಂದು ನಮಸ್ಕಾರ ಹೇಳುವುದು, ಕಾಫಿ ಕೊಡುವುದು, ಐದು ನಿಮಿಷ ಕೂರುವುದು ಅವಳ ಪಾಲು. ಅವಳು ಎದ್ದು ಹೋಗುವಾಗ "ಎಲ್ಲಿಗೆ ಹೋಗ್ತೀಯ, ಕೂತ್ಕೋ" ಎನ್ನದಿರುವುದು ನನ್ನ ಪಾಲು. ಎಷ್ಟು ಹೊತ್ತು ಎಂಬುದು ಮೊದಲೇ ಗೊತ್ತಿದ್ದರೆ ಅವಳಿಗೆ ಕೂರಲು ಕಷ್ಟವಿರಲಿಲ್ಲ. ಕೊನೆ ಕಾಣದ ಕೂರುವಿಕೆಯೇ ಅವಳನ್ನು ಹೆದರಿಸುತ್ತಿತ್ತು. ಮನೆಯಲ್ಲೇ ಇರುವವರು ಮನೆಯಲ್ಲಿ ಅತಿಥಿಯಾಗಿ ಇರಬಾರದು ಎಂದು ಹಾಲಿನ ಲೆಕ್ಕ, ತಾತನ ಬಿಪಿ ಮಾತ್ರೆ, ಗ್ಯಾಸ್ ಬುಕ್ಕಿಂಗು ಅವಳಿಗೆ ಹೋಯಿತು. ಔತಣಗಳಿಗೆ ಕರೆಯುವುದನ್ನು ನಾನು ನಿಲ್ಲಿಸಲಿಲ್ಲ, ಎಳೆಯುವುದನ್ನು ನಿಲ್ಲಿಸಿದೆ. ಹಾಸನದಲ್ಲಿರುವ ಅವಳ ಒಬ್ಬಳೇ ಗೆಳತಿಯೊಡನೆ ಫೋನಿನಲ್ಲಿ ಸಂದೇಶ ಕಳಿಸುತ್ತಾ ಕೂರುವುದನ್ನು "ಮೊಬೈಲ್ ಹುಚ್ಚು" ಎಂದು ಕರೆಯುವುದನ್ನೂ ನಿಲ್ಲಿಸಿದೆ. ಒಬ್ಬಳಿದ್ದಾಳೆ ಎಂಬುದೇ ದೊಡ್ಡದು. ರಾತ್ರಿ ಹತ್ತೂವರೆಗೆ ಫೋನು ನಡುಮನೆಯಲ್ಲಿ ಚಾರ್ಜಿಗೆ ಹೋಗಬೇಕೆಂಬುದು ಮಾತ್ರ ನನ್ನನ್ನೂ ಸೇರಿಸಿ ಎಲ್ಲರಿಗೂ ಅನ್ವಯ.

ಚಿಕ್ಕತ್ತೆಗೆ ಇದೆಲ್ಲ ಹಿಡಿಸಲಿಲ್ಲ. "ನೀನೇ ಸಲಿಗೆ ಕೊಟ್ಟು ಕೆಡಿಸ್ತಿದ್ದೀಯ" ಎಂದರು. ಅವರ ಮೊಮ್ಮಗನ ನಾಮಕರಣಕ್ಕೆ ನಾನು ಅವಳಿಲ್ಲದೆ ಹೋದಾಗ ಮುಖ ತಿರುಗಿಸಿದರು. ನಾನು ಸಮಜಾಯಿಷಿ ಹೇಳಲು ಹೊರಟವಳು ತಡೆದುಕೊಂಡು, "ಅವಳನ್ನೇ ಕೇಳಿ ಚಿಕ್ಕತ್ತೆ" ಎಂದೆ. ಅವರು ನಿಜವಾಗಿಯೂ ಫೋನು ಮಾಡಿ ಕೇಳಿದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿ, ಜನ ತುಂಬಾ ಇದ್ರೆ ನಂಗೆ ಆಗಲ್ಲ, ನೀವು ಒಬ್ಬರೇ ಇರೋ ದಿನ ಹೇಳಿ, ಬರ್ತೀನಿ" ಎಂದಳು. ಒಂದು ಮಂಗಳವಾರ ಮಧ್ಯಾಹ್ನ ಹೋಗಿ, ಮೂರು ಗಂಟೆ ಇದ್ದು, ಕೂಸನ್ನು ಎತ್ತಿಕೊಂಡು ಆಡಿಸಿ, ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಂದಳು. ಅಂದಿನಿಂದ ಚಿಕ್ಕತ್ತೆ ನನಗೆ ಬುದ್ಧಿ ಹೇಳುವುದನ್ನು ಬಿಟ್ಟಿದ್ದಾರೆ ಎಂದಲ್ಲ, ವಿಷಯ ಬದಲಾಯಿಸಿದ್ದಾರೆ.

ಅವಳಿಗೀಗ ಹದಿನೆಂಟು ದಾಟಿದೆ. ದಿನವೂ ಬಸ್ಸಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುತ್ತಾಳೆ. ಬಂದವಳು ಕೈಕಾಲು ತೊಳೆದು ಒಂದು ಗಂಟೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಆ ಒಂದು ಗಂಟೆ ಯಾರೂ ತಟ್ಟುವುದಿಲ್ಲ. ಶನಿವಾರ, ಭಾನುವಾರ ಮನೆ ಬಿಟ್ಟು ಕದಲುವುದಿಲ್ಲ. ನಕ್ಷೆ ಏಳು ಹಾಳೆಗೆ ಬೆಳೆದಿದೆ. ಅಪರಿಚಿತ ನಂಬರಿನಿಂದ ಫೋನು ಬಂದರೆ ಈಗಲೂ ಎತ್ತುವುದಿಲ್ಲ. ಮಾಡಲೇಬೇಕಾದ ಕರೆಗಳಿಗೆ, ಹೇಳಬೇಕಾದದ್ದನ್ನೆಲ್ಲ ಮೊದಲು ಬರೆದುಕೊಳ್ಳುತ್ತಾಳೆ. ಕಳೆದ ವಾರ ಗ್ಯಾಸ್ ಪುಸ್ತಕದ ಒಳಗೆ ಅಂಥದ್ದೊಂದು ಚೀಟಿ ಸಿಕ್ಕಿತು. "ನಮಸ್ಕಾರ ಸರ್, ನಾನು ಮಂಡ್ಯದಿಂದ ಮಾತನಾಡುತ್ತಿದ್ದೇನೆ, ಸಿಲಿಂಡರ್ ಬುಕ್ ಮಾಡಿ ಹತ್ತು ದಿನವಾಯಿತು, ಇನ್ನೂ ಬಂದಿಲ್ಲ, ದಯವಿಟ್ಟು ಬೇಸರಿಸಬೇಡಿ" ಎಂದು ದುಂಡಗೆ ಬರೆದು, ಕೊನೆಯ ಎರಡು ಪದಗಳನ್ನು ಹೊಡೆದುಹಾಕಿ, "ಯಾವಾಗ ಕಳಿಸುತ್ತೀರಿ?" ಎಂದು ತಿದ್ದಿದ್ದಳು.